ಗಾಳಿಯಲ್ಲಿ ನಿಂತ ಹುಡುಗಿ

ಲವಿನಾ ಗಂಡನ ಶವದ ಗಾಡಿಗೆ ಅಡ್ಡ ಬಂದು ಕುದುರೆಯ ಕಡಿವಾಣಕ್ಕೇ ಕೈಹಾಕಿದಳು.

"ಇಲ್ಲೇ ನಿಲ್ಲಿಸು. ಮುಂದಕ್ಕೆ ಬಿಡಲ್ಲ."

ರಸ್ತೆಗೆ ತಾಗಿಕೊಂಡೇ ಒಂದು ಕೊಟ್ಟಿಗೆ. ಅದರ ಗೋಡೆಯ ಮೇಲೆ ಗುಲಾಬಿ ಲಂಗದ ಹುಡುಗಿಯೊಬ್ಬಳು ಕೈ ಚಾಚಿ, ಒಂಟಿಕಾಲಲ್ಲಿ, ಬರೀ ಗಾಳಿಯ ಮೇಲೆ ನಿಂತಿದ್ದಳು. ಕೆಳಗೆ ಕುದುರೆ ಇರಲಿಲ್ಲ. ಕಲ್ಲಚ್ಚಿನ ಆ ದೊಡ್ಡ ಸರ್ಕಸ್ ಪೋಸ್ಟರಿನ ಮೇಲರ್ಧದ ಹಾಳೆಗಳನ್ನು ಅಂಟಿಸಿ, ಉಳಿದವನ್ನು ತೆಗೆದುಕೊಳ್ಳಲು ಏಣಿ ಇಳಿದ ಅವಳ ಗಂಡ ಓರಿನ್ ಹುಲ್ಲಿನ ಮೇಲೆ ಕೂತವನು ಮತ್ತೆ ಏಳಲೇ ಇಲ್ಲ. ಮೊನ್ನೆಯಿಂದ ಆ ಹುಡುಗಿ ಹಾಗೇ ಇದ್ದಾಳೆ. ಓಹಾಯೋದ ಜೂನ್ ಬಿಸಿಲಿನಲ್ಲಿ ಅವಳ ಲಂಗ ಮಿನುಗುತ್ತಿತ್ತು.

"ಎಲ್ಲಿ ಬಿದ್ದುಬಿಡ್ತಾಳೋ ಅಂತ ನನಗೆ ನಿದ್ದೆ ಇಲ್ಲ," ಎಂದಳು ಲವಿನಾ. "ಕೆಲಸ ಅರ್ಧಕ್ಕೆ ಬಿಟ್ಟು ಬಂದೋರಲ್ಲ ಅವರು. ಇದು ಮುಗಿದ ಮೇಲೇ ಮಣ್ಣು."

"ಬಣ್ಣದ ಕಾಗದಕ್ಕೆ ಇಷ್ಟು ರಂಪಾನಾ ಅತ್ತಿಗೆ? ಪಾದ್ರಿಗಳೂ ಇಲ್ಲೇ ಬಿಸಿಲಲ್ಲಿ ಕಾಯ್ತಿದಾರೆ," ಎಂದಳು ಓರಿನ್‌ನ ತಂಗಿ ಹಲ್ಡಾ. "ಹಚ್ಚೋರು ಯಾರು, ನೀನಾ?"

ಎಲ್ಲರ ಕಣ್ಣೂ ಹಿಂದೆ ನಿಂತಿದ್ದ ಗಿಡಿಯನ್ ಮೇಲೆ ಬಿತ್ತು. ಹಾಳೆಗೆ ಹಾಳೆ ಕೂಡಿಸಬಲ್ಲವನು ಆ ಸೀಮೆಯಲ್ಲಿ ಇನ್ನು ಅವನೊಬ್ಬನೇ. ಆದರೆ ಎದುರಾಳಿ ಸರ್ಕಸ್ಸಿನವನು. ಓರಿನ್ ಹಚ್ಚಿದ್ದರ ಮೇಲೆ ತನ್ನದನ್ನು ಹಚ್ಚುತ್ತಲೇ ಇಪ್ಪತ್ತು ವರ್ಷ ಕಳೆದವನು.

"ಅವರ ಕಂಪನಿ ಪೋಸ್ಟರ್ ಹಚ್ಚಿದ್ರೆ ನನ್ನ ಕೆಲಸ ಹೋಗುತ್ತೆ ಅಕ್ಕಾ," ಎಂದ ಗಿಡಿಯನ್, ಟೋಪಿ ಹಿಂಡುತ್ತ.

*

ಪೋಸ್ಟರ್ ಹಚ್ಚುವವರು ಸರ್ಕಸ್ಸಿಗಿಂತ ಹದಿನೈದು ದಿನ ಮುಂದೆ ನಡೆಯುತ್ತಾರೆ. ಆನೆಗಳು ಊರಿಗೆ ಬರುವ ಹೊತ್ತಿಗೆ ಓರಿನ್ ಎಷ್ಟೋ ಊರು ದಾಟಿರುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದು ಆಟವನ್ನೂ ಅವನು ನೋಡಿರಲಿಲ್ಲ. ಈ ಸಲ ದಾರಿ ಸ್ವಂತ ಊರಿಗೇ ಬಂದಿತ್ತು.

"ಇಲ್ಲೇ ಉಳೀತೀನಿ ಕಣೇ," ಎಂದಿದ್ದ, ಒಲೆಯ ಮೇಲೆ ಗೋಧಿಹಿಟ್ಟಿನ ಅಂಟು ಕದಡುತ್ತ. "ಇಬ್ರೂ ಹೋಗಿ ನೋಡೋಣ, ಆ ಹುಡುಗಿ ನಿಜವಾಗ್ಲೂ ಹಾಗೆ ನಿಲ್ತಾಳಾ ಅಂತ."

"ನಿಲ್ಲದಿದ್ರೆ?"

"ಊರೂರಿಗೆ ಸುಳ್ಳು ಹಚ್ಚಿದೆ ಅಂತಾಯ್ತು."

*

ಲವಿನಾ ಹಿಂದಿದ್ದ ಜಟಕಾದಿಂದ ಓರಿನ್‌ನ ಕುಂಚ, ಉಳಿದ ಹಾಳೆಗಳು, ಮುಚ್ಚಿದ ಬಕೆಟ್ಟೊಂದನ್ನು ಇಳಿಸಿ ತಂದಳು.

"ಅದು ಮಣ್ಣಾದ ಮೇಲಿನ ಊಟದ ಸೂಪ್ ಅಲ್ವಾ?" ಎಂದಳು ಹಲ್ಡಾ.

"ಅಂಟು. ಬೆಳಿಗ್ಗೆ ಕುದಿಸಿದ್ದು."

ಗಿಡಿಯನ್ ಬಕೆಟ್ಟಿಗೆ ಬೆರಳದ್ದಿ ನೋಡಿದ. ಕರಿಕೋಟು ಕಳಚಿ ಬೇಲಿಗೆ ಹಾಕಿದ. ಓರಿನ್‌ನ ಕುಂಚ ಹಿಡಿದು, ಮೊನ್ನೆಯಿಂದ ಗೋಡೆಗೇ ಒರಗಿದ್ದ ಏಣಿ ಹತ್ತಿದ.

ಹಾಳೆ ಹಾಳೆಯಾಗಿ ಬಿಳಿಕುದುರೆ ಬಂತು. ಅದರ ಬೆನ್ನು ಹುಡುಗಿಯ ಪಾದಕ್ಕೆ ಗೆರೆ ತಪ್ಪದೆ ಕೂಡಿದಾಗ ಹಲ್ಡಾ ಕೂಡ ಹಿಡಿದಿದ್ದ ಉಸಿರು ಬಿಟ್ಟಳು. ಕೊನೆಗೆ ಉಳಿದದ್ದು ಕಂಪನಿಯ ಹೆಸರು, ಆಟದ ತಾರೀಕು ಇದ್ದ ಪಟ್ಟಿ. ಗಿಡಿಯನ್ ಅದನ್ನು ಸುತ್ತಿ ಲವಿನಾಳ ಕೈಗಿಟ್ಟ.

"ಇದನ್ನ ಮಾತ್ರ ಹಚ್ಚಲ್ಲ. ಇದಿಲ್ಲದಿದ್ರೆ ಅದು ಯಾರ ಸರ್ಕಸ್ಸೂ ಅಲ್ಲ, ನನ್ನನ್ನ ಯಾರೂ ಏನೂ ಅನ್ನೋ ಹಾಗಿಲ್ಲ."

ಲವಿನಾ ಆಗ ಅತ್ತಳು, ಎರಡು ದಿನದಲ್ಲಿ ಮೊದಲ ಸಲ.

ಅಷ್ಟರಲ್ಲಿ ಶವದ ಗಾಡಿಯ ಕರಿಕುದುರೆ ಕತ್ತು ಚಾಚಿ, ಬಿಳಿಕುದುರೆಯ ಗೊರಸಿನಿಂದ ಇಳಿಯುತ್ತಿದ್ದ ಹಸಿ ಅಂಟನ್ನು ನೆಕ್ಕತೊಡಗಿತು. ಗಾಡಿಯವನು ಲಗಾಮು ಜಗ್ಗಿದ.

"ಬಿಡಪ್ಪ, ತಿನ್ಲಿ," ಎಂದಳು ಲವಿನಾ. "ಒಳ್ಳೇ ಹಿಟ್ಟು."

ಅದು ನೆಕ್ಕಿ ಮುಗಿಸುವವರೆಗೂ ಎಲ್ಲರೂ ಟೋಪಿ ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಿಂತರು, ಪಾದ್ರಿಯೂ ಸೇರಿ.