ದಿಬ್ಬದ ಮರಳು

ಅನಸೂಯಮ್ಮ ಕುಂಡದಲ್ಲಿ ಬೆಳೆಸಿದ, ನಿಂಬೆ ವಾಸನೆಯ ಮಜ್ಜಿಗೆ ಹುಲ್ಲು ಕೆ.ಜಿ.ಎಫ್‌ನ ಆ ಸಾಲುಮನೆಗಳಿಗೆಲ್ಲ ಹಬ್ಬಿತ್ತು. ಟೀಗೆ ಹಾಕಿದರೆ ಕೆಮ್ಮು ಹೋಗುತ್ತದೆಂದು, ಕೇಳಿದವರಿಗೆಲ್ಲ ಬುಡ ಸೀಳಿ ಮಣ್ಣಿನ ಸಮೇತ ಕೊಟ್ಟಿದ್ದರು.

ಇವತ್ತು ಸೊಸೆ ಸಹನ ಕುಂಡ ಕೆದಕಿ ಕೇಳಿದಳು, "ಅತ್ತೆ, ಇಷ್ಟು ನುಣ್ಣಗಿನ ಮರಳು ಎಲ್ಲಿಂದ ತಂದ್ರಿ?"

"ನೆಟ್ಟ ಹೊಸದ್ರಲ್ಲಿ ಬೇರು ಕೊಳೀತಿತ್ತು ಕಣಮ್ಮ. ಅಗೋ, ಆ ಸೈನೈಡ್ ದಿಬ್ಬದಿಂದ ಒಂದು ಬಾಂಡ್ಲಿ ತಂದು ಬೆರೆಸ್ದೆ. ಈಗ ಎಂಗೆ ಬೆಳ್ದದೆ ನೋಡು!"

"ಅಯ್ಯೋ, ಅದು ಗಣಿಯೋರು ವಿಷ ಆಕಿ ಚಿನ್ನ ತೆಗೆದು ಬಿಸಾಕಿದ್ದಲ್ವಾ ಅತ್ತೆ!"

"ಆ ದಿಬ್ಬದ ಮೇಲೆ ಆಡ್ಕೊಂಡೇ ಬೆಳೆದೋರು ನಾವು. ಏನಾಯ್ತು ನಮ್ಗೆ?"

ಬಾಯಿ ರೇಗುತ್ತಿದ್ದರೂ ಅನಸೂಯಮ್ಮನ ಕೈ ಆಗಲೇ ಹುಲ್ಲನ್ನು ಬುಡಸಮೇತ ಕಿತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯಿಂದ, ಅದರಾಚೆಯ ಮನೆಯಿಂದಲೂ, ಕುದಿಯುವ ಟೀಯ ನಿಂಬೆ ಘಮ ಬಂತು.