ರವೆಯಿಲ್ಲದ ಬೆಣ್ಣೆ

ಬಟ್ಟಲಿನ ಅಂಚು ಬೆಳ್ಳಗೆ ಹೆಪ್ಪುಗಟ್ಟಿದೆ, ನಡುವೆ ಇನ್ನೂ ಮೆತ್ತಗೆ, ಬೆರಳಿಟ್ಟರೆ ಗುಳಿ ಬೀಳುತ್ತದೆ — ಇದೇ ಹದ, ತಡಮಾಡಿದರೆ ಕಲ್ಲು, ಅವಸರಪಟ್ಟರೆ ಎಣ್ಣೆ, ಎಂದುಕೊಂಡು ಶಿಲ್ಪ ಫ್ರಿಜ್ಜಿನ ಬಾಗಿಲನ್ನು ಮೊಣಕೈಯಿಂದ ತಳ್ಳುತ್ತಾಳೆ, ಹೊರಗೆ ಅಟ್ಟೂರಿನ ಬೀದಿಯಲ್ಲಿ ಸೊಪ್ಪಿನವಳ ಕೂಗು, ಒಳಕೋಣೆಯಲ್ಲಿ ಅತ್ತೆಯ ಕೆಮ್ಮು. ಅತ್ತೆ ಎನ್ನಬಹುದೇ ಇನ್ನು? ಸುರೇಶನಿಗೂ ನಿನಗೂ ಸಂಬಂಧವಿಲ್ಲ ಎಂದು ಹೋದ ವಾರ ಕೋರ್ಟು ಹೇಳಿಯಾಯಿತು, ಆದರೆ ಅವನ ತಾಯಿ ಗೋಪಾಲಮ್ಮ ಇನ್ನೂ ಇಲ್ಲೇ ಇದ್ದಾರೆ, ಅವನು ಇನ್ನೊಬ್ಬಳೊಂದಿಗೆ ಆರ್.ಟಿ. ನಗರದಲ್ಲಿ ಮನೆ ಮಾಡಿದ ದಿನ ಹೊಸ್ತಿಲ ಮೇಲೆ ಕೂತು, ನಾನ್ ಎಲ್ಗೂ ಬರಾಕಿಲ್ಲ, ನನ್ ಸೊಸೆ ಇಲ್ಲೇ ಅವ್ಳೆ, ನೀನ್ ಓಗು, ಎಂದಿದ್ದರು, ಹಕಾರ ತಿರುಗದ ಆ ಚಿಕ್ಕಜಾಲದ ಹಳ್ಳಿ ಬಾಯಿಗೆ ಶಿಲ್ಪ ಅಳುತ್ತಲೇ ನಕ್ಕಿದ್ದಳು, ಆಮೇಲೆ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು, ಚಳಿ ಬಂತೆಂದರೆ ಮೊಣಕಾಲ ಕೆಳಗೆಲ್ಲ ಚರ್ಮ ಒಡೆದು ರಕ್ತ ಜಿನುಗುತ್ತದೆ, ಅಂಗಡಿಯ ಕ್ರೀಮು ಹಚ್ಚಿದರೆ ಉರಿ, ಅದಕ್ಕೇ ಮೈಗೆ ಹಚ್ಚುವ ಈ ಬಾಡಿ ಬಟರ್, ಯೂಟ್ಯೂಬ್ ನೋಡಿ ಶಿಯಾ ಬೆಣ್ಣೆ, ಕೊಬ್ಬರಿ ಎಣ್ಣೆ, ಬಾದಾಮಿ ಎಣ್ಣೆ ಕರಗಿಸಿ ಮೊದಲ ಸಲ ಕಟ್ಟೆಯ ಮೇಲೆ ಆರಲು ಬಿಟ್ಟು ಕೆಡಿಸಿದ್ದಳು, ಮೇಲೆ ನುಣುಪು, ಒಳಗೆಲ್ಲ ಕಾಳು, ಏನಮ್ಮಿ, ರವೆ ಆಕಿದೀಯಾ, ಗೀರ್ದಂಗಾಯ್ತದೆ, ಎಂದು ಮುದುಕಿ ಕಾಲು ಎಳೆದುಕೊಂಡಿದ್ದರು, ಇನ್ನೊಮ್ಮೆ ಬಿಸಿ ಹೋಗುವ ಮೊದಲೇ ಕಡೆದು ಎಲ್ಲ ನೀರಾಗಿತ್ತು, ಬೇಗ ತಣಿಸಬೇಕು, ಆದರೆ ಪೂರ್ತಿ ಗಟ್ಟಿಯಾಗಲು ಬಿಡಬಾರದು, ಇಷ್ಟು ಕಲಿಯುವುದಕ್ಕೆ ಒಂದು ಚಳಿಗಾಲವೇ ಹಿಡಿಯಿತು — ಬೀಟರ್ ಗುರ್ರೆನ್ನುತ್ತಿದೆ, ಹಳದಿ ಬಿಳಿಗೆ ತಿರುಗುತ್ತಿದೆ, ಉಬ್ಬುತ್ತಿದೆ, ಬೆರಳ ನಡುವೆ ತಿಕ್ಕಿ ನೋಡಿದರೆ ಒಂದು ಕಾಳೂ ಇಲ್ಲ, ಇವತ್ತು ಬಂತು, ಅವನು ಕರೆದೊಯ್ಯಲು ಬರುವ ಇವತ್ತೇ ಬಂತು. ನಿನ್ನೆ ಫೋನಿನಲ್ಲಿ, ಅಮ್ಮನ್ನ ಕರ್ಕೊಂಡ್ ಹೋಗ್ತೀನಿ, ಎಲ್ಲಾ ಮುಗಿದ್ಮೇಲೂ ಅವರು ನಿಮ್ಮನೇಲಿರೋದು ಚೆನ್ನಾಗಿರಲ್ಲ, ನೀವು ಬೇಜಾರ್ ಮಾಡ್ಕೋಬೇಡಿ — ನೀವು! ಮದುವೆಯಾದಾಗಿನಿಂದ ಕಣೇ, ನೀನು ಎಂದ ಬಾಯಿ, ಜಗಳದಲ್ಲೂ ನೀನು ಎಂದೇ ಬೈದ ಬಾಯಿ, ಅವನು ಬಿಟ್ಟುಹೋದದ್ದು ಆ ಮನೆ ಮಾಡಿದ ದಿನವಲ್ಲ, ನಿನ್ನೆ, ಆ ಮರ್ಯಾದೆಯ ಮಾತಿನಲ್ಲಿ, ಅತ್ತೆಯನ್ನು ಕಳಿಸುವುದಿಲ್ಲ ಎನ್ನಲು ಬಾಯಿ ತೆರೆದಿದ್ದಳು, ಯಾವ ಲೆಕ್ಕದಲ್ಲಿ, ಯಾರೆಂದು?

ಹಾರ್ನು. ಬಂದೇಬಿಟ್ಟ, ಷೂ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದಾನೆ, ಪರರ ಮನೆಗೆ ಬಂದವನಂತೆ, ಅವಳು ನೆಲದ ಮೇಲೆ ಕೂತು ಅತ್ತೆಯ ಕಾಲಿಗೆ ಹಚ್ಚುತ್ತಾಳೆ, ಬಿರುಕುಗಳ ಮೇಲೆ ಬೆರಳು ತಡೆಯದೆ ಜಾರುತ್ತದೆ, ಇವತ್ತು ಚೆಂದಾಗೈತೆ ಕಣಮ್ಮಿ, ಚುಚ್ತಾನೇ ಇಲ್ಲ, ಎನ್ನುತ್ತಾರೆ ಗೋಪಾಲಮ್ಮ, ಬಿದ್ದ ಕೈಗೂ, ನೆಟ್ಟಗಿರುವ ಎಡಗೈಗೂ ಹಚ್ಚುತ್ತಾಳೆ, ಹೆಚ್ಚೇ ಹಚ್ಚುತ್ತಾಳೆ, ಇಂಗುವವರೆಗೆ ಕಾಯಲು ಹೊತ್ತಿಲ್ಲ, ಬೆಣ್ಣೆ ತುಂಬಿದ ಡಬ್ಬಿ ಸುರೇಶನಿಗೆ ಕೊಡುತ್ತ, ಬಿಸಿಲಲ್ಲಿ ಇಡ್ಬೇಡಿ, ಕರಗಿ ಮತ್ತೆ ಗಟ್ಟಿಯಾದ್ರೆ ಕಾಳಾಗತ್ತೆ, ಎಂದಳು, ಪರವಾಗಿಲ್ಲ, ಅಲ್ಲೂ ಎಲ್ಲಾ ಸಿಗತ್ತೆ, ಎಂದ ಅವನು, ಆದರೂ ಡಬ್ಬಿ ತೆಗೆದುಕೊಂಡ, ಇಬ್ಬರೂ ಅತ್ತೆಯನ್ನು ಎರಡೂ ಕಡೆ ಹಿಡಿದು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು, ಬಹಳ ದಿನಗಳ ಮೇಲೆ ಇಬ್ಬರೂ ಸೇರಿ ಮಾಡಿದ ಕೆಲಸ, ಎರಡು ದಿನ ಮಗನ ಮನೆಗೆ ಎಂದಷ್ಟೇ ಅವನು ತಾಯಿಗೆ ಹೇಳಿದ್ದನಂತೆ, ನೀನೂ ಬತ್ತೀಯಾ ತಾನೆ, ಎಂದು ಮುದುಕಿ ಸೆರಗು ಹಿಡಿದರು, ಹಿಂದೇನೇ ಬರ್ತೀನಿ ಅತ್ತೆ, ಒಲೆ ಆರಿಸಿ ಬರ್ತೀನಿ, ಎಂದಳು ಶಿಲ್ಪ, ಒಲೆ ಆಗಲೇ ಆರಿತ್ತು, ಗಾಜು ಮೇಲೇರಿತು, ಗಾಜಿಗೆ ಒತ್ತಿದ ಎಡಗೈ, ಕಾರು ಅಲುಗಿದೊಡನೆ ಐದು ಬೆರಳು ಬಿಳಿಯಾಗಿ ಕೆಳಗೆ ಜಾರಿದವು. ಬೀಟರ್ ತೊಳೆಯಬೇಕು, ಬಿಸಿನೀರು ಬೇಕು, ತಣ್ಣೀರಿಗೆ ಜಿಡ್ಡು ಬಿಡದು, ಆ ಗಾಜನ್ನು ಅವನು ಒರೆಸುತ್ತಾನೋ, ಹಾಗೇ ಬಿಡುತ್ತಾನೋ, ಹಾಸಿಗೆಯ ಬಟ್ಟೆ ನೆನೆಸಬೇಕು, ಬಟ್ಟಲ ತಳದಲ್ಲಿ ಇನ್ನೂ ಒಂದು ಹಿಡಿ ಉಳಿದಿದೆ, ಯಾರಿಗೆ, ನುಣ್ಣಗೆ ಬಂದಿತ್ತು, ಎಷ್ಟು ನುಣ್ಣಗೆ — ಗಾಜು, ಒಳಗಿನಿಂದ ಒತ್ತಿದ ಬೆರಳು, ಐದು ಬಿಳಿ ಗೆರೆ, ಐದು ಬೆರಳು, ಜಾರುತ್ತ