ಉಸಿರಾಡಿದ ಹಾಸಿಗೆ

ಹಾಸಿಗೆಯ ಬಾಯಿ ಮುಚ್ಚಲು ಇನ್ನೊಂದು ಗೇಣು ಉಳಿದಿತ್ತು. ಅತ್ತೆಗೆ ಟೀ ಕೊಟ್ಟು ಬಂದು ಕೂತವಳು ಗವಸಿನ ಎರಡು ಅಂಚುಗಳನ್ನು ಎಡಗೈಯಲ್ಲಿ ಕೂಡಿಸಿ ಹಿಡಿದು, ದಬ್ಬಳದಿಂದ ಸರಸರನೆ ಹೊಲಿಗೆ ಎಳೆಯುತ್ತಿದ್ದಳು. ಪಕ್ಕದಲ್ಲಿ ಗಂಡ ಹತ್ತಿ ಹಿಂಜುವ ಯಂತ್ರದ ಮುಂದೆ ನಿಂತಿದ್ದ. ಅದರ ಗಡಗಡ ಸದ್ದಿನಲ್ಲಿ ಈ ಮನೆಯವರೆಲ್ಲ ಕೂಗಿಯೇ ಮಾತಾಡುವುದು. ಸಂಜೆ ಹಾಸ್ಟೆಲಿನ ಗಾಡಿ ಬರುವುದರೊಳಗೆ ಎಲ್ಲ ಹಾಸಿಗೆಗಳೂ ತಯಾರಾಗಬೇಕಿತ್ತು.

"ಬೂದಿ ಎಲ್ಲಿ ಹೋದ್ಲು?" ಒಳಗಿನಿಂದ ಅತ್ತೆ ಕೂಗಿದರು.

ಬೂದಿ ಎಂದರೆ ಮನೆಯ ಬೆಕ್ಕು, ಬೂದಿಯದೇ ಬಣ್ಣ. ತುಂಬು ಬಸುರಿ.

"ನಾನು ಟೀಗೆ ಏಳೋವರೆಗೂ ಹತ್ತಿ ರಾಶಿ ಹತ್ರಾನೇ ಇದ್ಲು ಅತ್ತೆ. ಓಡಿಸಿ ಓಡಿಸಿ ಸಾಕಾಯ್ತು."

ಅಷ್ಟರಲ್ಲಿ ಬಾಗಿಲಲ್ಲಿ ಡಾಕ್ಟ್ರಮ್ಮ ಕಾಣಿಸಿದರು. ಅದೇ ಬೀದಿಯವರು, ಪಶು ಆಸ್ಪತ್ರೆಯ ವೈದ್ಯೆ. ಹೊಲಿಯಲು ಕೊಟ್ಟ ದಿಂಬು ಒಯ್ಯಲು ಬಂದಿದ್ದರು.

"ಅಕ್ಕಾ, ನನ್ನ ದಿಂಬು ಆಯ್ತಾ? ಕುತ್ತಿಗೆ ನೋವು ಅಂತ ಹೇಳಿ ಹೇಳಿ ಬಾಯೂ ನೋಯ್ತಿದೆ."

ಅವಳು ಉತ್ತರ ಕೊಡುವ ಮೊದಲೇ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಒಳ್ಳೇ ಹೊತ್ತಿಗೆ ಬಂದ್ರಿ. ನಮ್ಮ ಬೂದಿಗೆ ಹೊಟ್ಟೆ ಕೆಟ್ಟಿದೆ. ಬೆಳಗ್ಗೆಯಿಂದ ಊಟ ಮೂಸಿ ಕೂಡ ನೋಡಿಲ್ಲ. ಒಂದು ಚಮಚ ಹರಳೆಣ್ಣೆ ಕುಡಿಸೇ ಅಂದ್ರೆ ಇವಳು ಕೇಳಲ್ಲ."

"ಅಯ್ಯೋ ಅಜ್ಜಿ, ಎಣ್ಣೆ ಗಿಣ್ಣೆ ಬೇಡಿ! ಬಸುರಿ ಅಲ್ವಾ ಅದು?"

"ಬಸುರಿಯಾದ್ರೆ ಊಟ ಬಿಡ್ತಾರಾ? ಇವನನ್ನ ಹೆರೋ ದಿನಾನೂ ನಾನು ಎರಡು ತಟ್ಟೆ ಉಂಡಿದ್ದೆ."

ಡಾಕ್ಟ್ರಮ್ಮ ಯಂತ್ರದ ಮುಂದೆ ನಿಂತಿದ್ದ ಮಗನ ಹೊಟ್ಟೆಯ ಕಡೆ ನೋಡಿದರು. "ಅದರ ಲೆಕ್ಕ ಇನ್ನೂ ಕಾಣ್ತಾ ಇದೆ."

ಎಲ್ಲರೂ ನಕ್ಕರು. ಅವಳು ನಗುತ್ತಲೇ ಕೊನೆಯ ಹೊಲಿಗೆ ಹಾಕಿ, ಗಂಟು ಬಿಗಿದು, ದಾರ ಕತ್ತರಿಸಿದಳು.

"ಅಕ್ಕಾ, ಬೆಕ್ಕು ಇನ್ನೇನೇನು ಮಾಡ್ತಿತ್ತು ಹೇಳಿ," ಎಂದು ಡಾಕ್ಟ್ರಮ್ಮ ಅವಳ ಪಕ್ಕದಲ್ಲೇ ಕೂತರು.

ಅವಳು ದಬ್ಬಳವನ್ನು ಡಬ್ಬಿಗೆ ಹಾಕುತ್ತ ನೆನಪು ಮಾಡಿಕೊಂಡಳು. "ನಿನ್ನೆಯಿಂದ ಒಂದು ಕಡೆ ನಿಲ್ತಿಲ್ಲ. ಕಪಾಟಿನೊಳಗೆ ನುಗ್ತಾಳೆ, ಮಂಚದ ಕೆಳಗೆ ಹೋಗ್ತಾಳೆ, ಹತ್ತಿ ರಾಶೀನ ಕಾಲಲ್ಲಿ ಕೆದರಿ ಕೆದರಿ ಗುಂಡಿ ಮಾಡ್ತಾಳೆ. ನಾನು ಎದ್ದರೆ ಕಾಲಿಗೆ ಸುತ್ತಿಕೊಂಡು ಕೂಗ್ತಾಳೆ. ಮೊಲೆತೊಟ್ಟು ಕೆಂಪಗೆ ಊದಿವೆ. ಹೊಟ್ಟೆ ಕೆಳಗೆ ಜಾರಿದ ಹಾಗಿದೆ. ಆಮೇಲೆ... ಹಿಂದೆ ನೆಕ್ಕಿಕೊಳ್ತಾನೇ ಇದ್ಲು."

"ಎಲ್ಲಾನೂ ನೀವೇ ನೋಡಿದೀರಲ್ಲ ಅಕ್ಕಾ! ಕತ್ತಲ ಜಾಗ ಹುಡುಕೋದು, ಊಟ ಬಿಡೋದು, ಹಾಲು ಇಳಿಯೋದು, ಎಲ್ಲ ಹೆರಿಗೆ ಹತ್ತಿರ ಬಂದಿರೋ ಗುರುತು. ಮೈಶಾಖಾನೂ ಸ್ವಲ್ಪ ಇಳಿಯತ್ತೆ, ಅದನ್ನ ಅಳೆಯೋದು ನಮಗೆ ಬಿಡಿ. ಇವತ್ತೋ ನಾಳೆಯೋ ಮರಿ ಹಾಕ್ತಾಳೆ. ಮೊದಲು ಅವಳೆಲ್ಲಿದಾಳೆ ನೋಡಿ!"

ಅವಳು ತಟ್ಟನೆ ಎದ್ದಳು. ಹೌದು, ಎಲ್ಲವನ್ನೂ ನೋಡಿದ್ದಳು. ಆದರೆ ಕೆಲಸಕ್ಕೆ ಅಡ್ಡಿ ಎಂದಷ್ಟೇ ನೋಡಿದ್ದಳು.

ಹುಡುಕಾಟ ಶುರುವಾಯಿತು. ಮಂಚದ ಕೆಳಗೆ ಇಲ್ಲ. ಕಪಾಟಿನಲ್ಲಿ ಇಲ್ಲ. ಅತ್ತೆ ನೀರಿನ ಹಂಡೆಯೊಳಗೂ ಇಣುಕಿದರು. "ಹಂಡೆಯಲ್ಲಿ ಈಜಾಡೋಕೆ ಅದೇನು ಮೀನಾ ಅಮ್ಮಾ?" ಎಂದ ಗಂಡ, ತುಂಬಿದ ಇನ್ನೊಂದು ಹಾಸಿಗೆಯನ್ನು ಹೆಗಲಿಗೇರಿಸಿಕೊಂಡು ಬಂದ. ಈಗಷ್ಟೇ ಹೊಲಿದು ಮುಗಿಸಿದ ಹಾಸಿಗೆಯ ಮೇಲೆ ಅದನ್ನು ಪೇರಿಸಬೇಕಿತ್ತು.

"ಆ ಯಂತ್ರ ಒಂದು ನಿಮಿಷ ನಿಲ್ಲಿಸಿ," ಎಂದರು ಡಾಕ್ಟ್ರಮ್ಮ. "ಕೂಗಿದ್ರೆ ಕೇಳಿಸಲಿ."

ಅತ್ತೆ ಹೋಗಿ ಗುಂಡಿ ಒತ್ತಿದರು. ಮನೆ ಥಟ್ಟನೆ ಮೌನವಾಯಿತು.

ಗುರ್‌ರ್... ಗುರ್‌ರ್...

ಸದ್ದು ಬಂದದ್ದು ಹಾಸಿಗೆಯಿಂದ. ಅವಳು ನೋಡುತ್ತಿದ್ದಂತೆ ಗವಸಿನ ಒಂದು ಮೂಲೆ ಮೆಲ್ಲಗೆ ಏರಿತು, ಇಳಿಯಿತು.

"ರೀ! ಇಡಬೇಡಿ! ಮೇಲೆ ಇಡಬೇಡಿ!"

ಗಂಡ ಹಾಸಿಗೆ ಹೊತ್ತುಕೊಂಡೇ ಕಲ್ಲಾಗಿ ನಿಂತ. ಟೀ ಮಾಡಲು ಎದ್ದಾಗ ಬಾಯಿ ತೆರೆದಿಟ್ಟು ಹೋಗಿದ್ದು ಅವಳಿಗೆ ನೆನಪಾಯಿತು. ಬೂದಿ ಒಳಗೆ ನುಗ್ಗಿದ್ದಾಳೆ. ತಾನು ಬಂದು ಒಳಗೆ ನೋಡದೆ ಹೊಲಿದು ಮುಚ್ಚಿದ್ದಾಳೆ. ಅವಳು ಕತ್ತರಿ ತೆಗೆದುಕೊಂಡಳು.

"ಏ ಇವಳೇ, ಆರ್ಡರ್ ಹಾಸಿಗೆ ಕಣೇ!" ಗಂಡ ಕೂಗಿದ.

"ಆರ್ಡರ್ ಆಮೇಲೆ!" ಅವಳು ಹೊಲಿಗೆಯನ್ನು ಪರ್‌ರ್ ಎಂದು ಬಿಚ್ಚಿದಳು. ಅವಸರಕ್ಕೆ ಗವಸೂ ಸ್ವಲ್ಪ ಹರಿಯಿತು. ಹತ್ತಿಯ ನಡುವೆ ಎರಡು ಹಸಿರು ಕಣ್ಣು ಹೊಳೆದವು. ಬೂದಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಅವಳ ಕೆಳಗೆ ಒದ್ದೆ ಕಲೆ.

"ಇನ್ನೂ ತಿಣುಕ್ತಾ ಇಲ್ಲ. ಈಗಲೇ ಬೇರೆ ಕಡೆ ಮಲಗಿಸೋಣ. ತಿಣುಕೋಕೆ ಶುರು ಮಾಡಿದ ಮೇಲೆ ಅಲುಗಾಡಿಸಬಾರದು," ಎಂದರು ಡಾಕ್ಟ್ರಮ್ಮ. "ಒಂದು ರಟ್ಟಿನ ಪೆಟ್ಟಿಗೆ ಕೊಡಿ."

ಗಂಡನಿಗೆ ಎಲ್ಲಿಲ್ಲದ ಹುರುಪು ಬಂತು. ಪೆಟ್ಟಿಗೆ ತಂದ. ಅದರ ತುಂಬ ಎರಡೂ ಕೈಯಲ್ಲಿ ಬಾಚಿ ಬಾಚಿ ಬಿಳಿ ಹತ್ತಿ ಸುರಿದ. "ನೋಡಿ ಡಾಕ್ಟ್ರಮ್ಮ, ಮೊದಲನೇ ದರ್ಜೆ ಹತ್ತಿ. ರಾಜಕುಮಾರಿಗೂ ಇಂಥ ಹಾಸಿಗೆ ಸಿಗಲ್ಲ!"

"ತೆಗೀರಿ, ತೆಗೀರಿ! ಮರಿ ಒದ್ದೆಯಾಗಿ ಹುಟ್ಟತ್ತೆ. ಮೂಗಿಗೆ ಈ ಹತ್ತಿ ಅಂಟಿದ್ರೆ ಉಸಿರು ಕಟ್ಟತ್ತೆ. ಇದರ ಎಳೆ ಕಾಲಿಗೆ ಸುತ್ತಿಕೊಳ್ಳತ್ತೆ. ಒಗೆದ ಹಳೇ ಬೆಡ್‌ಶೀಟ್ ಸಾಕು."

ತಲೆತಲಾಂತರದಿಂದ ಹತ್ತಿಯಲ್ಲೇ ಉಸಿರಾಡಿದ ಮನೆ. ಹತ್ತಿ ಬೇಡ ಎಂದವರನ್ನು ಅವರು ನೋಡಿದ್ದು ಅದೇ ಮೊದಲು.

ಪೆಟ್ಟಿಗೆಯನ್ನು ಮಂಚದ ಕೆಳಗೆ, ಕತ್ತಲ ಮೂಲೆಯಲ್ಲಿ ಇಟ್ಟರು. ಪಕ್ಕದಲ್ಲಿ ಒಂದು ಬಟ್ಟಲು ನೀರು. ಬೂದಿ ಬೆಡ್‌ಶೀಟನ್ನು ಕೆದರಿದಳು, ಸುತ್ತಿದಳು, ಮಲಗಿದಳು.

"ನಾವೇನು ಮಾಡಬೇಕೀಗ?" ಅವಳು ಪಿಸುಗುಟ್ಟಿದಳು.

"ಏನೂ ಮಾಡದೆ ಇರಬೇಕು. ಅದೇ ಕಷ್ಟ," ಡಾಕ್ಟ್ರಮ್ಮ ನಕ್ಕರು. "ದೂರದಿಂದ ನೋಡ್ತಾ ಇರಿ. ಮರಿ ಮೇಲಿನ ಪೊರೆ ಅವಳೇ ಹರಿದು ನೆಕ್ತಾಳೆ. ನೆಕ್ಕದಿದ್ರೆ ಮಾತ್ರ ತಡಮಾಡದೆ ಪೊರೆ ಬಿಡಿಸಿ, ಶುಭ್ರ ಬಟ್ಟೆಯಲ್ಲಿ ಮೂಗು ಬಾಯಿ ಒರೆಸಿ. ಮರಿ ಸಿಕ್ಕಿಕೊಂಡ್ರೆ ಎಳೀಬೇಡಿ. ಅರ್ಧ ಗಂಟೆ ಜೋರಾಗಿ ತಿಣುಕಿದ್ರೂ ಮರಿ ಬರಲಿಲ್ಲ, ರಕ್ತ ಜಾಸ್ತಿ ಹೋಯ್ತು, ಕೆಟ್ಟ ವಾಸನೆ ಬಂತು, ಅವಳು ಸೋತು ಬಿದ್ದಳು ಅಂದ್ರೆ ಕಾಯಬೇಡಿ. ಪೆಟ್ಟಿಗೆ ಸಮೇತ ಆಸ್ಪತ್ರೆಗೆ ತನ್ನಿ."

"ಬೆಕ್ಕಿಗೂ ಆಸ್ಪತ್ರೇನಾ?" ಅತ್ತೆ ಮೂಗು ಮುರಿದರು. "ನಮ್ಮ ಕಾಲದಲ್ಲಿ ಅವು ಅಟ್ಟದ ಮೇಲೆ ಹೆತ್ತು, ಮರಿ ಕಚ್ಚಿಕೊಂಡು ಏಳು ಮನೆ ಸುತ್ತುತಿದ್ವು."

"ಅಟ್ಟದಿಂದ ಇಳಿದು ಬರದೇ ಇದ್ದವೂ ಇದ್ವಲ್ಲ ಅಜ್ಜಿ?"

ಅತ್ತೆ ನೀರಿನ ಬಟ್ಟಲನ್ನು ಪೆಟ್ಟಿಗೆಯ ಹತ್ತಿರಕ್ಕೆ ಸರಿಸಿದರು. "ಒಂದಿತ್ತು. ಕಪ್ಪು ಬಿಳಿ," ಎಂದರು.

ಹಾಸ್ಟೆಲಿನ ಗಾಡಿ ಬಂದು ಹಾರ್ನ್ ಹೊಡೆದಾಗ ಮಂಚದ ಕೆಳಗಿನಿಂದ ಸಣ್ಣದೊಂದು ಕೀಚಲು ದನಿ ಕೇಳಿತು. ಒದ್ದೆ, ಮುದ್ದೆ, ಬೂದಿ ಬಣ್ಣದ ಬೆರಳುದ್ದದ ಜೀವ! ಬೂದಿ ಅದನ್ನು ನೆಕ್ಕುತ್ತಿದ್ದಳು.

ಅತ್ತೆಯೇ ಬಾಗಿಲಿಗೆ ಓಡಿದರು. "ಹಾರ್ನ್ ಹೊಡೀಬೇಡಪ್ಪಾ! ಒಳಗೆ ಹೆರಿಗೆ ಆಗ್ತಿದೆ!"

ಡ್ರೈವರ್ ಗಾಬರಿಯಾಗಿ ಕೈ ಮುಗಿದ. "ಯಾರಿಗಮ್ಮಾ? ಸೊಸೆಗಾ?"

"ಮಗಳಿಗೆ," ಎಂದರು ಅತ್ತೆ, ಒಂದಿಷ್ಟೂ ತಡವರಿಸದೆ. ಆಮೇಲೆ ಮಗನ ಕಡೆ ತಿರುಗಿ, "ನೀನು ನಾಳೆ ಬೆಳಗ್ಗೆವರೆಗೆ ಆ ಯಂತ್ರ ಮುಟ್ಟಿದ್ರೆ ನೋಡು!" ಎಂದರು.

"ಒಂದು ಹಾಸಿಗೆ ಕಡಿಮೆ ಇದೆ, ನಾಳೆ ಬೇರೆ ಹೊಲಿದು ಕಳಿಸ್ತೀವಿ," ಎಂದು ಅವಳೇ ಡ್ರೈವರ್‌ಗೆ ಹೇಳಿದಳು. ಹೋಗುವಾಗ ಡಾಕ್ಟ್ರಮ್ಮ ದಿಂಬು ಬಗಲಿಗಿಟ್ಟುಕೊಂಡು, "ಮರಿಗಳು ಹಾಲು ಬಿಟ್ಟ ಮೇಲೆ ಅವಳಿಗೆ ಆಪರೇಷನ್ ಮಾಡಿಸೋಣ. ಅಲ್ಲೀತನಕ ಹೊರಗೆ ಬಿಡಬೇಡಿ, ಹಾಲೂಡಿಸುವಾಗಲೂ ಮತ್ತೆ ಬಸುರಾಗ್ತಾಳೆ," ಎಂದರು. ಈ ಸಲ ಅತ್ತೆ ಮೂಗು ಮುರಿಯಲಿಲ್ಲ. ತಲೆಯಾಡಿಸಿದರು.

ನಿಮ್ಮ ಮನೆಯಲ್ಲೂ ಬಸುರಿ ಬೆಕ್ಕು ಇದೆಯೇ? ಅದು ಊಟ ಬಿಟ್ಟು, ಕತ್ತಲ ಮೂಲೆ ಹುಡುಕಿ, ನಿಮ್ಮ ಬಟ್ಟೆಬರೆ ಕೆದರಿದರೆ ಕೋಲು ಎತ್ತಬೇಡಿ. ಒಂದು ಪೆಟ್ಟಿಗೆ, ಒಂದು ಹಳೆ ಬಟ್ಟೆ, ಒಂದು ಶಾಂತವಾದ ಮೂಲೆ ಕೊಡಿ. ಪಶುವೈದ್ಯರ ಫೋನ್ ನಂಬರ್ ಕೈಗೆ ಸಿಗುವಂತಿರಲಿ. ಪೆಟ್ಟಿಗೆ, ಕಪಾಟು, ಗೋಣಿ, ಯಾವುದನ್ನೇ ಆಗಲಿ, ಮುಚ್ಚುವ ಮೊದಲು ಒಮ್ಮೆ ಒಳಗೆ ಕೈಯಾಡಿಸಿ ನೋಡಿ. ಅದಕ್ಕೆ ಹೇಳಲು ಬಾಯಿಲ್ಲ, ಗುರುತು ತೋರಿಸುತ್ತದೆ. ನೋಡುವವರು ನಾವಾಗಬೇಕು.

ಅವಳ ಮನೆಯಲ್ಲಿ ಅಂದು ಯಂತ್ರ ಮತ್ತೆ ಸದ್ದು ಮಾಡಲಿಲ್ಲ. ಅತ್ತೆ ಮತ್ತು ಗಂಡ ಮಂಚದ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡನೆಯ ಮರಿ ಯಾರ ಹಾಗಿದೆ ಎಂದು ಪಿಸುದನಿಯಲ್ಲೇ ಜಗಳವಾಡುತ್ತಿದ್ದರು. ಅವಳು ಹರಿದ ಹಾಸಿಗೆಯ ಮುಂದೆ ಕೂತು ಒದ್ದೆಯಾದ ಹತ್ತಿ ತೆಗೆದು ಬಿಸಾಡಿದಳು, ಕಲೆಯಾದ ಬಟ್ಟೆ ಕತ್ತರಿಸಿ ತೇಪೆ ಹಾಕಿದಳು. ಇನ್ನು ಇದನ್ನು ಮಾರುವಂತಿಲ್ಲ. ಮದುವೆಯಾಗಿ ಬಂದಾಗಿನಿಂದ ಊರಿಗೆಲ್ಲ ಹಾಸಿಗೆ ಹೊಲಿದವಳು, ಉಳಿದ ಚೂರುಪಾರು ಹತ್ತಿಯ ಗಂಟುಗಂಟಾದ ಹಾಸಿಗೆಯ ಮೇಲೆ ಮಲಗುತ್ತಿದ್ದಳು. ಬೂದಿ ಯಾರನ್ನೂ ಕೇಳಿರಲಿಲ್ಲ. ಮನೆಯಲ್ಲೇ ಅತಿ ಮೆತ್ತಗಿನ ಜಾಗ ಹುಡುಕಿ ಒಳಗೆ ಹೋಗಿದ್ದಳು.

ಅವಳು ಆಚೀಚೆ ನೋಡಿದಳು. ಯಾರೂ ತನ್ನ ಕಡೆ ನೋಡುತ್ತಿರಲಿಲ್ಲ. ಹಾಸಿಗೆಯ ಮೇಲೆ ಕಾಲು ಚಾಚಿ ಒಮ್ಮೆ ಮಲಗಿ ನೋಡಿದಳು. ಅಳತೆ ಸರಿಯಾಗಿತ್ತು. ಎದ್ದಳು, ಒಳಗೆಲ್ಲ ಕೈಯಾಡಿಸಿ ನೋಡಿದಳು, ದಬ್ಬಳಕ್ಕೆ ಹೊಸ ದಾರ ಪೋಣಿಸಿ ಬಾಯಿ ಹೊಲಿಯತೊಡಗಿದಳು. ಈ ಹಾಸಿಗೆ ಎಲ್ಲಿಗೂ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.